ಬ್ಯಾಡ್ಜ್ ಇದ್ದವರಿಗೆ ಮಾತ್ರ

"ಇನ್ನು ಟೋಪಿ ತೆಗೀಬಹುದು ಕಣಮ್ಮ!" ಎಂದು ಕೂಗುತ್ತಲೇ ಯಿನ್ ಸಾಹೇಬರು ಕಾರ್ಖಾನೆಯೊಳಗೆ ಬಂದರು.

ಹೆಂಗ್‌ಟಾಂಗ್ ಪಟ್ಟಣದ ಉದ್ಯಮ ಕಚೇರಿಯ ಮುಖ್ಯಸ್ಥರು ಅವರು. ಕೂಗಿ ಮಾತಾಡುವ ಮನುಷ್ಯರಲ್ಲ. ಶಿಯಾ ಬಿಯುನ್ ಕೈಯಲ್ಲಿದ್ದ ಅಲ್ಯುಮಿನಿಯಂ ತಗಡನ್ನು ಕೆಳಗಿಟ್ಟಳು. ಪ್ರೆಸ್ಸುಗಳ ಮುಂದೆ ಕುಳಿತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು.

"ನಿಜವಾಗ್ಲೂ?"

"ಜಿಲ್ಲೆಯವರು ಒಪ್ಪಿದಾರೆ. ಶುಕ್ರವಾರ ಬೆಳಿಗ್ಗೆ ಕಚೇರಿಗೆ ಬಂದು ರುಜು ಹಾಕಿ, ಅಷ್ಟೆ. ಆಮೇಲೆ ಬೋರ್ಡಲ್ಲಿ ಏನು ಬೇಕಾದ್ರೂ ಬರೆಸ್ಕೊಳ್ಳಿ. 'ಶಿಯಾ ಬಿಯುನ್ ಬ್ಯಾಡ್ಜ್ ಕಾರ್ಖಾನೆ' ಅಂತ್ಲೇ ಬರೆಸಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆಯನ್ನೂ ಹಾಕಿದರು. ಬಿಯುನ್‌ಗೆ ನಗು ತಡೆಯಲಾಗಲಿಲ್ಲ. ಆರು ವರ್ಷಗಳಿಂದ ಬಾಗಿಲ ಮೇಲಿದ್ದ ಬೋರ್ಡು 'ಹೆಂಗ್‌ಟಾಂಗ್ ಸಾಮೂಹಿಕ ಬ್ಯಾಡ್ಜ್ ಕಾರ್ಖಾನೆ' ಎನ್ನುತ್ತಿತ್ತು. ಸಾಮೂಹಿಕವೆಂಬುದು ಅಲ್ಲಿ ಏನೂ ಇರಲಿಲ್ಲ. ಯಂತ್ರಗಳು ಅವಳವು, ಸಾಲ ಅವಳದು, ದೇಶವೆಲ್ಲ ಸುತ್ತಿ ಆರ್ಡರು ತರುತ್ತಿದ್ದವನು ಅವಳ ಗಂಡ. ಆದರೆ ಏಳಕ್ಕಿಂತ ಹೆಚ್ಚು ಜನರನ್ನು ಕೂಲಿಗಿಟ್ಟುಕೊಂಡರೆ ಬಂಡವಾಳಶಾಹಿ ಎನಿಸಿಕೊಳ್ಳುವ ಕಾಲವದು. ಅದಕ್ಕೇ ವರ್ಷಕ್ಕಿಷ್ಟೆಂದು ಪಟ್ಟಣದ ಕಚೇರಿಗೆ ಕೊಟ್ಟು ಅದರ ಹೆಸರನ್ನು ತಲೆಯ ಮೇಲಿಟ್ಟುಕೊಂಡಿದ್ದಳು. ಊರಲ್ಲೆಲ್ಲ ಇದಕ್ಕೆ ಕೆಂಪು ಟೋಪಿ ಹಾಕಿಕೊಳ್ಳುವುದು ಎನ್ನುತ್ತಿದ್ದರು. ಹೋದ ವರ್ಷ ಬೀಜಿಂಗ್ ಹೊಸ ನಿಯಮ ತಂದು ಖಾಸಗಿ ಉದ್ಯಮಕ್ಕೆ ಒಪ್ಪಿಗೆ ಕೊಟ್ಟಾಗ, ಪಟ್ಟಣದಲ್ಲಿ ಸ್ವಂತ ಹೆಸರಿಗೆ ಅರ್ಜಿ ಹಾಕಿದವರಲ್ಲಿ ಮೊದಲನೆಯವಳು ಬಿಯುನ್. ಉಳಿದವರು ಇವಳಿಗೇನಾಗುತ್ತದೋ ನೋಡೋಣ ಎಂದು ಕಾಯುತ್ತಿದ್ದರು.

"ಶುಕ್ರವಾರ ಮರೀಬೇಡಿ. ದೇಶದಲ್ಲಿ ಗಾಳಿ ಸರಿಯಿಲ್ಲ," ಎಂದು ಹೇಳಿ ಯಿನ್ ಸಾಹೇಬರು ಹೋದರು.

ಆ ಗಾಳಿಯೇ ಸಂಜೆಯ ಬಸ್ಸಿನಿಂದ ಇಳಿದು ಬಂತು. ಬಿಯುನ್‌ಳ ತಮ್ಮ ಲಿಮಿನ್, ಹಾಂಗ್‌ಝೌನ ಕಾಲೇಜಿನಲ್ಲಿ ಮೂರನೆಯ ವರ್ಷದ ವಿದ್ಯಾರ್ಥಿ, ಹಣೆಗೆ ಬಿಳಿ ಬಟ್ಟೆ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಿದ್ದ. ಗಂಟಲು ಕಟ್ಟಿಹೋಗಿತ್ತು.

"ಏನೋ ಇದು, ತಲೆನೋವಾ?"

"ಅಕ್ಕ, ನೀನು ಅಲ್ಲಿರಬೇಕಿತ್ತು! ಊರಿಗೆ ಊರೇ ಬೀದಿಗೆ ಬಂದಿದೆ. ಮೇಷ್ಟ್ರುಗಳು, ನರ್ಸುಗಳು, ಪತ್ರಿಕೆಯವರು. ಪಕ್ಷದ ಪತ್ರಿಕೆಯವರೇ ಅಕ್ಕ, ಬ್ಯಾನರ್ ಹಿಡ್ಕೊಂಡು ಬಂದಿದ್ರು, 'ಇನ್ನು ಸುಳ್ಳು ಬರೆಸಬೇಡಿ' ಅಂತ!"

"ಮೊದಲು ಉಣ್ಣು."

ಮೀನುಂಡೆ ಸಾರನ್ನು ಬಟ್ಟಲೆತ್ತಿ ಕುಡಿಯುತ್ತಲೇ ಅವನು ಮಾತಾಡಿದ. ಬೀಜಿಂಗಿನ ಚೌಕದಲ್ಲಿ ಹುಡುಗರು ಪ್ರಜಾಪ್ರಭುತ್ವ ಕೇಳಿ ಉಪವಾಸ ಕೂತಿದ್ದಾರೆ, ಹಾಂಗ್‌ಝೌನಲ್ಲೂ ಕೂರುತ್ತಿದ್ದಾರೆ, ಈ ಸಲ ಬದಲಾವಣೆ ಆಗಿಯೇ ಆಗುತ್ತದೆ. ಕೊನೆಗೆ ಬಂದ ಕೆಲಸ ಹೇಳಿದ. ಬರುವ ವರ್ಷದ ಹೊಸ ಹುಡುಗರಿಗಾಗಿ ಅವನ ಕಾಲೇಜು ಒಂದೂವರೆ ಸಾವಿರ ಬ್ಯಾಡ್ಜ್‌ಗೆ ಆರ್ಡರು ಕೊಟ್ಟಿತ್ತು. ಅವು ಸಿದ್ಧವಾಗಿದ್ದವು. ಅವನಿಗೆ ಅವು ಈಗಲೇ ಬೇಕು.

"ಯಾಕೆ?"

"ಬ್ಯಾಡ್ಜ್ ಕಳ್ಕೊಂಡವರು ನೂರಾರು ಜನ ಇದಾರೆ. ಬ್ಯಾಡ್ಜ್ ಇಲ್ದಿದ್ರೆ ಮೆರವಣಿಗೆಗೆ ಸೇರಿಸ್ಕೊಳ್ಳಲ್ಲ."

"ಪೊಲೀಸಿನವರಾ?"

"ಅಲ್ಲ, ನಾವೇ. ಶಿಸ್ತು ಇರಬೇಕಲ್ಲ."

ಬಿಯುನ್ ಅದನ್ನು ಅಷ್ಟಕ್ಕೆ ಬಿಟ್ಟಳು. ಅವಳ ತಲೆ ಶುಕ್ರವಾರದಲ್ಲಿತ್ತು. ಯಿನ್ ಸಾಹೇಬರ ಸುದ್ದಿ ಹೇಳಿದಳು. ಲಿಮಿನ್ ಬಟ್ಟಲು ಕೆಳಗಿಟ್ಟ.

"ಇಷ್ಟು ದಿನ ಅವರು ನಿನಗೆ ಟೋಪಿ ಹಾಕಿದ್ರು ಅಕ್ಕ. ಕೆಂಪು ಟೋಪಿ, ಅಷ್ಟೇ ವ್ಯತ್ಯಾಸ. ಈಗ ಬೇರೆ ಬಣ್ಣದ್ದು ಹಾಕ್ತಾರೆ. ಇವತ್ತು ಕೊಟ್ಟೋರು ನಾಳೆ ಕಿತ್ಕೊಳ್ಳಲ್ಲ ಅಂತ ಯಾವ ಕೋರ್ಟು ಹೇಳುತ್ತೆ? ಅಂಗಿ ಗುಂಡಿ ವ್ಯಾಪಾರದ ಬಾವೊ ಮಾಮನ್ನ ಜೈಲಿಗೆ ಹಾಕಿದ್ದು ಮರೆತುಹೋಯ್ತಾ?"

"ಅವನನ್ನ ಎರಡು ವರ್ಷ ಆದ್ಮೇಲೆ ಬಿಟ್ರು. ಹೂವಿನ ಹಾರ ಹಾಕಿ ಮಾದರಿ ಉದ್ಯಮಿ ಅಂದ್ರು."

"ಅದೇ ನಾನು ಹೇಳೋದು! ಜೈಲೂ ಅವರ ಇಷ್ಟ, ಹಾರಾನೂ ಅವರ ಇಷ್ಟ."

"ನೀನು ಹುಟ್ಟೋ ಹಿಂದಿನ ವರ್ಷ," ಎಂದಳು ಬಿಯುನ್, "ಇಂಥವೇ ಘೋಷಣೆ ಕೂಗ್ತಾ ನಮ್ಮ ಕಡೆಯ ವೆನ್‌ಝೌ ಪೇಟೇನ ಸುಟ್ರು. ನಮ್ಮ ಶಾಲೆಗೆ ಬೀಗ ಬಿತ್ತು, ಆಮೇಲೆ ತೆಗೀಲೇ ಇಲ್ಲ. ಅಪ್ಪ ಒಣಮೀನು ಮಾರಿದ್ದಕ್ಕೆ ಕುತ್ತಿಗೆಗೆ ಹಲಗೆ ಕಟ್ಟಿ ಬೀದಿಲಿ ನಡೆಸಿದ್ರು. ಎಲ್ಲಾನೂ ಒಂದೇ ಏಟಿಗೆ ಬದಲಾಯಿಸ್ತೀವಿ ಅಂದೋರನ್ನ ನಾನು ನೋಡಿದೀನಿ ಕಣೋ. ನಿಧಾನಕ್ಕೆ ಬಂದಿದ್ದು ನಮಗೆ ಅನ್ನ ಹಾಕಿದೆ. ಈ ಮನೆಯಲ್ಲಿ ನಲವತ್ತು ಹೆಂಗಸರು ದುಡೀತಾರೆ. ನಿನ್ನ ಫೀಸೂ ಇಲ್ಲಿಂದ್ಲೇ ಹೋಗುತ್ತೆ."

"ನಿಧಾನ, ನಿಧಾನ! ತಗಡು ಯಾವ ದರಕ್ಕೆ ತರ್ತೀಯ, ಅದನ್ನ ಹೇಳು."

ಬಿಯುನ್ ಅವನ ಬಟ್ಟಲಿಗೆ ಇನ್ನಷ್ಟು ಸಾರು ಹಾಕಿದಳು. ತಗಡಿಗೆ ಅವಳು ಸರ್ಕಾರಿ ದರದ ಎರಡರಷ್ಟು ಕೊಡುತ್ತಿದ್ದಳು. ಸರ್ಕಾರಿ ದರದ ತಗಡು ಯಾರೋ ದೊಡ್ಡ ಅಧಿಕಾರಿಯ ಮಗನ ಹೆಸರಿಗೆ ಹೋಗಿ, ನಾಲ್ಕು ಕೈ ದಾಟಿ ಅವಳ ಬಾಗಿಲಿಗೆ ಬರುತ್ತಿತ್ತು. ಈ ದಲ್ಲಾಳಿ ಅಧಿಕಾರಿಗಳ ಹೆಸರೆತ್ತಿದರೆ ಈ ಶಾಂತ ಹೆಂಗಸಿನ ಕಿವಿಯೂ ಕೆಂಪಾಗುತ್ತಿತ್ತು.

"ಬ್ಯಾಡ್ಜ್ ನಿನ್ನ ಕೈಗೆ ಕೊಡಲ್ಲ," ಎಂದಳು ಕೊನೆಗೆ. "ಆರ್ಡರು ಕಾಲೇಜಿನದು. ಕಾಲೇಜಿನ ಉಗ್ರಾಣಕ್ಕೆ ನಾನೇ ತಲುಪಿಸ್ತೀನಿ. ಅದು ವ್ಯಾಪಾರ. ಅದಕ್ಕೆ ಯಾರೂ ಏನೂ ಅನ್ನೋ ಹಾಗಿಲ್ಲ."

ಲಿಮಿನ್ ಹಲ್ಲು ಕಿರಿದ. "ನೋಡೋಕೆ ಬರ್ತಿದೀಯ ಅನ್ನು."

"ಬಾಯಿ ಮುಚ್ಕೊಂಡು ಮಲಗು."

ಬುಧವಾರ ಸಂಜೆ ಹೊರಟ ಬಸ್ಸು ಗುಡ್ಡ ಬಳಸಿ, ದೋಣಿಯಲ್ಲಿ ನದಿ ದಾಟಿ, ಗುರುವಾರ ಬೆಳಿಗ್ಗೆ ಹಾಂಗ್‌ಝೌ ಸೇರಿತು. ಬಿಯುನ್ ತೊಡೆಯ ಮೇಲೆ ಮಾದರಿ ಪೆಟ್ಟಿಗೆ ಇಟ್ಟುಕೊಂಡಿದ್ದಳು. ಹೊರಟ ಮೇಲೆ ನಾಲ್ಕು ಹೊಸ ಗಿರಾಕಿಗಳನ್ನಾದರೂ ನೋಡದೆ ಬರುವುದು ಅವಳ ಊರಿನವರಿಗೆ ಗೊತ್ತಿಲ್ಲದ ವಿದ್ಯೆ. ಪೆಟ್ಟಿಗೆಯ ಮಖಮಲ್ಲಿನ ಮೇಲೆ ಕಾರ್ಖಾನೆ ಇದುವರೆಗೆ ಮಾಡಿದ ಒಂದೊಂದು ಬಗೆಯ ಬ್ಯಾಡ್ಜೂ ಇತ್ತು. ಪಶುವೈದ್ಯ ಶಾಲೆ, ಸಿಮೆಂಟ್ ಕಾರ್ಖಾನೆ, ಶಿಶುವಿಹಾರ, ರೈಲ್ವೆ ಅಡುಗೆಮನೆ. ಕಾಲೇಜುಗಳದ್ದಕ್ಕೆ ದೇಶವೆಲ್ಲ ಒಂದೇ ಕ್ರಮ: ವಿದ್ಯಾರ್ಥಿಗೆ ಬಿಳಿ ನೆಲದ ಮೇಲೆ ಕೆಂಪಕ್ಷರ, ಮೇಷ್ಟ್ರಿಗೆ ಕೆಂಪು ನೆಲದ ಮೇಲೆ ಬಿಳಿಯಕ್ಷರ. ಯಾವ ಬ್ಯಾಡ್ಜನ್ನು ತಿರುಗಿಸಿದರೂ ಬೆನ್ನಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು. ದೂರದ ಗಿರಾಕಿ ಮತ್ತೆ ಹುಡುಕಿಕೊಂಡು ಬರಲೆಂದು ಅವಳೇ ಹಾಕಿಸಿದ್ದು.

ಕಾಲೇಜಿನ ಉಗ್ರಾಣದವನು ಮೂಟೆ ಇಳಿಸಿಕೊಂಡು ಸಹಿ ಮಾಡಿದ. ಶಾಯಿ ಆರುವ ಮೊದಲೇ ಮೂಟೆ ಬಿಚ್ಚಿ ಹುಡುಗರಿಗೆ ಹಂಚತೊಡಗಿದ. "ಹೊಸ ಹುಡುಗರಿಗೆ ಇನ್ನೊಂದು ಆರ್ಡರು ಕೊಟ್ಟರಾಯ್ತು, ಅಲ್ವೇನಮ್ಮ?" ಎಂದು ಕಣ್ಣು ಹೊಡೆದ. ಅವನ ಹಣೆಗೂ ಬಿಳಿ ಬಟ್ಟೆಯಿತ್ತು.

ಬಿಯುನ್ ಪೆಟ್ಟಿಗೆ ಹಿಡಿದು ಲಿಮಿನ್‌ನೊಂದಿಗೆ ಬೀದಿಗೆ ಬಂದಳು. ಬಂದವಳು ಹಾಗೆಯೇ ನಿಂತುಬಿಟ್ಟಳು.

ಅಷ್ಟು ಜನರನ್ನು ಅವಳು ಕಂಡಿರಲಿಲ್ಲ. ಸಾಲುಮರಗಳ ನೆರಳಿನಡಿ ರಸ್ತೆಯ ಉದ್ದಕ್ಕೂ ಬಾವುಟಗಳು ಹರಿದು ಹೋಗುತ್ತಿದ್ದವು. ಡೋಲು, ತಾಳ, ಲಾರಿಯ ಮೇಲೆ ಧ್ವನಿವರ್ಧಕ. ಐಸ್‌ಕ್ಯಾಂಡಿ ಮಾರುವ ಮುದುಕಿ ಡಬ್ಬಿ ತೆರೆದಿಟ್ಟು, ದುಡ್ಡು ಕೊಡಲು ಬಂದವರ ಕೈಯನ್ನು ಬಡಿದು ಹಿಂದಕ್ಕೆ ತಳ್ಳುತ್ತಿದ್ದಳು. ಮೇಲಿನ ಕಿಟಕಿಗಳಿಂದ ಜನ ತಂಬಿಗೆಯಲ್ಲಿ ನೀರೆರಚಿ ಹುಡುಗರನ್ನು ತಂಪು ಮಾಡುತ್ತಿದ್ದರು. ಸಂಚಾರಿ ಪೊಲೀಸನೊಬ್ಬ ಎರಡು ಬೆರಳೆತ್ತಿ ವಿಜಯದ ಗುರುತು ತೋರಿಸಿದ. ಶಾಲೆಗೆ ಬೀಗ ಬಿದ್ದ ವರ್ಷದ ಮೆರವಣಿಗೆಗಳಲ್ಲಿ ಕೋಲುಗಳಿದ್ದವು, ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಇಲ್ಲಿ ಎಲ್ಲ ಕಿಟಕಿಗಳೂ ತೆರೆದಿದ್ದವು.

"ದಲ್ಲಾಳಿ ಅಧಿಕಾರಿಗಳಿಗೆ ಧಿಕ್ಕಾರ!" ಎಂದಿತು ಧ್ವನಿವರ್ಧಕ.

"ಧಿಕ್ಕಾರ!" ಎಂದ ದನಿ ತನ್ನದೇ ಎಂದು ಅವಳಿಗೆ ಗೊತ್ತಾದದ್ದು ಕೂಗಿದ ಮೇಲೆ. ತಗಡಿನ ಲೆಕ್ಕವೆಲ್ಲ ಒಮ್ಮೆಗೇ ಗಂಟಲಿಗೆ ಬಂದಿತ್ತು. ಲಿಮಿನ್‌ನ ಹಿಂದೆ ಅವಳೂ ಮೆರವಣಿಗೆಯತ್ತ ನಡೆದಳು. ಅಡ್ಡಲಾಗಿ ಒಂದು ಹಗ್ಗ ಬಂತು.

ಮೆರವಣಿಗೆಯ ಎರಡೂ ಬದಿಗೆ ಉದ್ದಕ್ಕೂ ಹುಡುಗರು ಹಗ್ಗ ಹಿಡಿದು ನಡೆಯುತ್ತಿದ್ದರು. ತೋಳಿಗೆ ಪಟ್ಟಿ ಕಟ್ಟಿದ ದಪ್ಪ ಕನ್ನಡಕದ ಹುಡುಗ ಲಿಮಿನ್‌ನ ಬ್ಯಾಡ್ಜ್ ನೋಡಿ ಹಗ್ಗ ಎತ್ತಿದ. ಬಿಯುನ್ ಬಗ್ಗಿದಾಗ ಮತ್ತೆ ಇಳಿಸಿದ.

"ಬ್ಯಾಡ್ಜ್ ಎಲ್ಲಿ?"

"ಇವರು ನಮ್ಮಕ್ಕ," ಎಂದ ಲಿಮಿನ್.

"ಬ್ಯಾಡ್ಜ್ ಇದ್ದವರಿಗೆ ಮಾತ್ರ. ಹೊರಗಿನವರು ಬೇಡ."

ಬಿಯುನ್ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ. "ಅಕ್ಕ, ನಿಯಮ ಅದು. ಹೊರಗಿನವರು ಸೇರಿದ್ರೆ ಒಬ್ಬ ಎಲ್ಲೋ ಗಾಜು ಒಡೀತಾನೆ. ಆಮೇಲೆ ಎಲ್ಲರೂ ಗೂಂಡಾಗಳು ಅಂತ ಪೇಪರಲ್ಲಿ ಬರುತ್ತೆ. ನಾವು ಶುದ್ಧವಾಗಿರಬೇಕು."

ಉಗ್ರಾಣದಲ್ಲಿ ತೆಗೆದುಕೊಂಡು ಅವನು ಎದೆಗೆ ಚುಚ್ಚಿಕೊಂಡಿದ್ದ ಬಿಳಿ ಬ್ಯಾಡ್ಜನ್ನು ಅವಳು ಹೋದ ತಿಂಗಳಷ್ಟೇ ಒತ್ತಿದ್ದಳು.

"ನನ್ನನ್ನೂ ಬಿಡಲಿಲ್ಲ ಕಣಮ್ಮ," ಎಂದಿತು ಪಕ್ಕದ ದನಿ. ರೇಷ್ಮೆ ಗಿರಣಿಯ ಸಮವಸ್ತ್ರದ ಹೆಂಗಸು, ಐವತ್ತರ ಆಸುಪಾಸು. ಹಿಂದೆ ಅದೇ ಉಡುಪಿನ ಇಪ್ಪತ್ತು ಮೂವತ್ತು ಜನ. "ಹೆಸರು ಗುಯಿಮೇ. ದೇಶದ ಒಡೆಯರು ಕಾರ್ಮಿಕರು ಅಂತ ಸಂವಿಧಾನದಲ್ಲೇ ಬರೆದಿದೆಯಂತೆ. ನೋಡು, ಒಡತಿಯನ್ನ ಹಗ್ಗದಾಚೆ ನಿಲ್ಲಿಸಿದಾರೆ."

ಹೆಂಗಸರು ಗೊಳ್ಳೆಂದರು. ಕನ್ನಡಕದ ಹುಡುಗ ಕೆಂಪಾದ. "ನಿಮ್ಮ ಬೆಂಬಲಕ್ಕೆ ಧನ್ಯವಾದ. ದಯವಿಟ್ಟು ಅಲ್ಲಿಂದ್ಲೇ ಕೂಗಿ."

"ಹಂದಿ ಮಾಂಸದ ಬೆಲೆ ಏರಿದ್ದು ನಮಗೆ, ಕೂಗೋದು ನೀವು," ಎಂದಳು ಗುಯಿಮೇ. ಆಮೇಲೆ ಬಿಯುನ್‌ಳ ಪೆಟ್ಟಿಗೆ ನೋಡಿದಳು. "ಅದ್ರಲ್ಲೇನಿದೆ?"

ಸುಳ್ಳು ಹೇಳುವುದು ಸುಲಭವಿತ್ತು. "ಬ್ಯಾಡ್ಜ್," ಎಂದಳು ಬಿಯುನ್.

"ಅಕ್ಕ!" ಲಿಮಿನ್ ಹಗ್ಗಕ್ಕೆ ಬಂದು ಅಂಟಿಕೊಂಡ. "ಬೇಡ. ಇವರೆಲ್ಲ ಒಳಗೆ ಬಂದ್ರೆ ಏನಾಗುತ್ತೋ ಗೊತ್ತಿಲ್ಲ. ಮೊದಲು ನಮ್ಮ ಮಾತು ಕೇಳ್ಲಿ, ಆಮೇಲೆ ಎಲ್ಲರದೂ. ಒಂದೊಂದಾಗಿ. ನಿಧಾನ ಅಕ್ಕ, ನಿಧಾನ!"

ಬಿಯುನ್ ನಕ್ಕಳು. ಮೊನ್ನೆ ಸಂಜೆಯಿಂದ ಅವನು ಅಣಕಿಸುತ್ತ ಬಂದಿದ್ದ ಪದವನ್ನೇ ಈಗ ಅವನ ಬಾಯಿ ಹೆದರಿ ಹಿಡಿದುಕೊಂಡಿತ್ತು. ಆದರೆ ಅವಳ ಕೈಯೂ ಪೆಟ್ಟಿಗೆಯ ಚಿಲಕದ ಮೇಲೇ ನಿಂತಿತು. ಬ್ಯಾಡ್ಜಿನ ಬೆನ್ನಲ್ಲಿ ಕಾರ್ಖಾನೆಯ ಹೆಸರಿತ್ತು. ಮರದ ಕೆಳಗೆ ಒಬ್ಬ ಸುಮ್ಮನೆ ನಿಂತು ಫೋಟೊ ತೆಗೆಯುತ್ತಿದ್ದ. ಒಂದು ಬ್ಯಾಡ್ಜ್ ಯಾರಾದರೂ ಅಧಿಕಾರಿಯ ಮೇಜಿನ ಮೇಲೆ ಮಗುಚಿ ಬಿದ್ದರೆ ನಾಳೆಯ ರುಜು ಇಲ್ಲ, ನಲವತ್ತು ಹೆಂಗಸರ ಕೆಲಸವೂ ಇಲ್ಲ. ಕಾಲೇಜಿನ ಬ್ಯಾಡ್ಜುಗಳಿಗಾದರೆ ಅವಳ ಬಳಿ ಉಗ್ರಾಣದವನ ಸಹಿಯಿತ್ತು. ಇದಕ್ಕೆ ಏನೂ ಇರಲಿಲ್ಲ.

ಇನ್ನೊಂದು ಕಡೆ ಹಗ್ಗವಿತ್ತು. ಪಟ್ಟಣದ ಕಚೇರಿ ಅವಳನ್ನು ಆರು ವರ್ಷ ಬಾಗಿಲಾಚೆ ನಿಲ್ಲಿಸಿ ಬೇರೆ ಹೆಸರು ಹಾಕಿಕೊಂಡು ಬಾ ಎಂದಿತ್ತು. ಅಂಥ ವ್ಯವಸ್ಥೆಯನ್ನು ಬದಲಾಯಿಸಲು ಹೊರಟವರೂ ಬೀದಿಗೆ ಬಂದ ಕೂಡಲೇ ಬಾಗಿಲು ಕಾಯಲು ಕೂತಿದ್ದರು.

ಚಿಲಕ ತೆಗೆದಳು.

"ಇದು ನನ್ನ ಸ್ವಂತ ಮಾಲು. ನಿಯಮದಲ್ಲಿ ಬ್ಯಾಡ್ಜ್ ಇರಬೇಕು ಅಂತ ಇದೆ, ಯಾವುದು ಅಂತ ಇಲ್ಲ. ತಗೊಳ್ಳಿ."

ಹೆಂಗಸರು ಮುಗಿಬಿದ್ದರು. ಗುಯಿಮೇ ತನ್ನದನ್ನು ಚುಚ್ಚಿಕೊಂಡು ಹಗ್ಗದ ಬಳಿ ಎದೆಯುಬ್ಬಿಸಿ ನಿಂತಳು. ಕನ್ನಡಕದ ಹುಡುಗ ಬಗ್ಗಿ ಓದಿದ.

"ಒಳ ಮಂಗೋಲಿಯದ ಪಶುವೈದ್ಯ ಶಾಲೆ? ಅಷ್ಟು ದೂರದಿಂದ?"

"ಅದಕ್ಕೇ ತಡವಾಯ್ತು."

ಹಗ್ಗ ಹಿಡಿದಿದ್ದ ಹುಡುಗಿಯೊಬ್ಬಳಿಗೆ ನಗು ಬಂದು ಕೈ ಸಡಿಲವಾಯಿತು. ಮುಂದಿನವಳು 'ರೈಲ್ವೆ ಅಡುಗೆಮನೆ, ಎರಡನೇ ಪಾಳಿ'. ಅವಳ ಹಿಂದಿನವಳು 'ಸೂರ್ಯಕಾಂತಿ ಶಿಶುವಿಹಾರ'. "ನೀವು ಯಾವ ತರಗತಿ?" ಎಂದ ಹುಡುಗ. ಅವನ ದನಿಯ ಬಿಗಿ ಹೋಗಿತ್ತು. "ಚಿಕ್ಕ ತರಗತಿ ಕಣಪ್ಪ, ಇನ್ನೂ ಕೈ ಹಿಡ್ಕೊಂಡೇ ರಸ್ತೆ ದಾಟಿಸ್ಬೇಕು," ಎಂದಳು ಆಕೆ, ಕೈ ಚಾಚಿ. ಒಳಗಿದ್ದ ವಿದ್ಯಾರ್ಥಿಗಳು ಹೋ ಎಂದರು. ಯಾರೋ ಆ ಕೈ ಹಿಡಿದು ಎಳೆದುಕೊಂಡರು. ಆಮೇಲೆ ಹಗ್ಗ ಎಲ್ಲಿ ಹೋಯಿತೆಂದು ಯಾರೂ ನೋಡಲಿಲ್ಲ. ಅಂಗಡಿಯವರು, ಸೈಕಲ್ ರಿಕ್ಷಾದವರು, ಐಸ್‌ಕ್ಯಾಂಡಿ ಮುದುಕಿ, ಎಲ್ಲರೂ ಒಳಗೆ ಬಂದರು. ಖಾಲಿ ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಡೋಲಿನಂತೆ ಬಡಿಯುತ್ತ ಬಿಯುನ್ ಚೌಕದವರೆಗೆ ನಡೆದಳು. ಪಕ್ಕದಲ್ಲಿ ಲಿಮಿನ್, ಮೊದಲು ಬಿಗಿದ ಮುಖದಲ್ಲಿ, ಆಮೇಲೆ ಗಂಟಲು ಪೂರ್ತಿ ಹೋಗುವವರೆಗೆ ಕೂಗುತ್ತ. ಒಂದೇ ಒಂದು ಗಾಜೂ ಒಡೆಯಲಿಲ್ಲ.

"ನಾಳೆ ಇದರ ಎರಡರಷ್ಟಿರುತ್ತೆ," ಎಂದ ಅವನು ಪಿಸುದನಿಯಲ್ಲಿ. "ಇನ್ನೊಂದು ದಿನ ಇರು ಅಕ್ಕ."

ಇರಬೇಕೆಂದು ಅವಳಿಗೆ ಎಷ್ಟು ಅನಿಸಿತೆಂದರೆ, ನೇರವಾಗಿ ಅಂಚೆ ಕಚೇರಿಗೆ ಹೋಗಿ ಹೆಂಗ್‌ಟಾಂಗ್‌ಗೆ ಟ್ರಂಕ್ ಕಾಲ್ ಹಾಕಿದಳು. ಲೈನು ಸಿಗುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಹಿಂದೆ ಉದ್ದದ ಸಾಲು.

"ಯಿನ್ ಸಾಹೇಬ್ರೇ, ರುಜು ಶನಿವಾರ ಹಾಕಿದ್ರೆ ಆಗುತ್ತಾ?"

"ಯಾಕೆ? ಎಲ್ಲಿದೀರಿ?"

"ಹಾಂಗ್‌ಝೌ. ಮೆರವಣಿಗೆಗೆ ಬಂದಿದ್ದೆ."

ಲೈನಿನಲ್ಲಿ ಗರಗರ ಸದ್ದಾಯಿತು. "ಲೈನು ಸರಿಯಿಲ್ಲ," ಎಂದರು ಯಿನ್, ಒಂದೊಂದೇ ಪದ ಬಿಡಿಸಿ. "ನನಗೆ ಕೇಳಿಸ್ಲಿಲ್ಲ. ಕಾಲೇಜಿಗೆ ಮಾಲು ತಲುಪಿಸೋಕೆ ಹೋಗಿದೀನಿ ಅಂದ್ರಿ, ಅಲ್ವಾ?"

ಅವರು ಒಳ್ಳೆಯವರು. ಈ ಆರು ವರ್ಷ ಕಾರ್ಖಾನೆ ನಡೆದದ್ದೇ ಅವರು ಹೀಗೆ ಕೇಳಿಸಿಕೊಳ್ಳದೆ, ಹೀಗೆ ಕಣ್ಣು ಅತ್ತ ತಿರುಗಿಸಿಕೊಂಡದ್ದರಿಂದ. ಹೂಂ ಎಂದರೆ ಸಾಕು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಬಿಯುನ್‌ಳ ಎದೆ ಇನ್ನೂ ಡೋಲಿನ ಲಯದಲ್ಲೇ ಬಡಿಯುತ್ತಿತ್ತು. ಬೋರ್ಡಿನ ಮೇಲೆ ಸ್ವಂತ ಹೆಸರು ಬೇಕೆಂದು ಅರ್ಜಿ ಹಾಕಿದವಳು ತಾನು. ಮಾಡಿದ್ದನ್ನು ಸ್ವಂತ ಬಾಯಲ್ಲಿ ಹೇಳದಿದ್ದರೆ ಆ ಹೆಸರಾದರೂ ಯಾರದು?

"ಮಾಲೂ ತಲುಪಿಸ್ದೆ," ಎಂದಳು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಆಮೇಲೆ ಮೆರವಣಿಗೇಲೂ ನಡೆದೆ. ದಲ್ಲಾಳಿ ಅಧಿಕಾರಿಗಳಿಗೆ ಧಿಕ್ಕಾರ ಅಂತ ಕೂಗಿದೆ. ನನ್ನ ಮಾದರಿ ಬ್ಯಾಡ್ಜೆಲ್ಲ ಹಂಚಿದೆ. ಬೆನ್ನಲ್ಲಿ ನಮ್ಮ ಅಚ್ಚಿದೆ. ಬೇರೆಯವರಿಂದ ನಿಮಗೆ ಗೊತ್ತಾಗೋದು ಬೇಡ ಅಂತ ಹೇಳ್ತಿದೀನಿ."

ಸಾಲಿನಲ್ಲಿ ಯಾರೋ ಚಪ್ಪಾಳೆ ಹೊಡೆದರು. ಫೋನಿನಲ್ಲಿ ಕುರ್ಚಿ ಕಿರುಗುಟ್ಟಿತು, ಬಾಗಿಲು ಹಾಕಿದ ಸದ್ದಾಯಿತು. ಯಿನ್ ಮತ್ತೆ ಮಾತಾಡಿದಾಗ ಪಿಸುಗುಟ್ಟುತ್ತಿದ್ದರು.

"ಎಷ್ಟು ಜನ ಇದ್ರು?"

"ಏನಂದ್ರಿ?"

"ಎಷ್ಟು ಜನ ಇದ್ರು ಅಂತ! ಇಲ್ಲಿ ರೇಡಿಯೋದಲ್ಲಿ ಸರಿಯಾಗಿ ಹೇಳ್ತಿಲ್ಲ. ಪೊಲೀಸ್ನೋರು ಏನ್ಮಾಡಿದ್ರು?"

"ಒಬ್ಬ ಬೆರಳೆತ್ತಿ ವಿಜಯದ ಗುರುತು ತೋರಿಸ್ದ. ಜನಾನ ಎಣಿಸೋಕಾಗಲ್ಲ ಸಾಹೇಬ್ರೇ. ರಸ್ತೆ ಕಾಣಿಸ್ತಿರ್ಲಿಲ್ಲ."

"ಅಯ್ಯಯ್ಯೋ," ಎಂದರು ಯಿನ್. ಅದು ಹೆದರಿಕೆಯೋ ಸಂತೋಷವೋ ಹೇಳುವುದು ಕಷ್ಟವಿತ್ತು. ಆಮೇಲೆ ಕಚೇರಿಯ ದನಿ ಮರಳಿತು. "ಶನಿವಾರ ಆಗಲ್ಲ. ಶನಿವಾರ ಈ ಕುರ್ಚಿಲಿ ನಾನೇ ಇರ್ತೀನೋ ಇಲ್ಲವೋ ಗೊತ್ತಿಲ್ಲ. ನಾಳೆ ಸೀಲು ನನ್ನ ಹತ್ರ ಇರುತ್ತೆ, ಮಧ್ಯಾಹ್ನದವರೆಗೆ. ಬಂದ್ರೆ ಒತ್ತುತೀನಿ. ನೀವು ಇವತ್ತು ಹೇಳಿದ್ದೆಲ್ಲಾ ಕೇಳಿಸಿಕೊಂಡೇ ಒತ್ತುತೀನಿ. ಬರ್ಲಿಲ್ಲ ಅಂದ್ರೆ ನನ್ನ ಕೈಲಿಲ್ಲ."

ಹೊರಗೆ ಲಿಮಿನ್ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಅವನ ಮುಖ ಬಾಡಿತು.

"ಹೋಗ್ತೀಯಾ? ಇಷ್ಟೆಲ್ಲಾ ನೋಡಿದ್ಮೇಲೂ ಅವರ ಸೀಲಿಗೋಸ್ಕರ?"

"ನೋಡಿದ್ದಕ್ಕೇ ಹೋಗ್ತಿರೋದು. ಕೊಟ್ಟಿದ್ದನ್ನ ನಾಳೆ ಕಿತ್ಕೋಬಹುದು ಅಂದೆ ನೀನು. ಸರಿ. ಕಿತ್ಕೊಳ್ಳೋಕೆ ಬಂದಾಗ ಅವರಿಗೆ ಕಷ್ಟ ಆಗ್ಬೇಕು ಅಂದ್ರೆ ನನ್ನ ಕೈಯಲ್ಲಿ ಏನಾದ್ರೂ ಇರಬೇಕಲ್ವಾ? ಕಣ್ಸನ್ನೆ ಅಲ್ಲ, ಕಾಗದ. ನನ್ನ ಹೆಸರಲ್ಲಿ. ಆ ನಲವತ್ತು ಜನರನ್ನ ಗಾಳಿಗೆ ಬಿಟ್ಟು ನಾನಿಲ್ಲಿ ಕೂಗ್ಲಾ?"

"ನಾಳೆ ಇಲ್ಲಿ ದೊಡ್ಡದಿದೆ ಅಕ್ಕ."

"ನಾಳೆ ಅಲ್ಲೂ ದೊಡ್ಡದೇ ಇದೆ ಕಣೋ. ಆ ಹಗ್ಗ ಮತ್ತೆ ಕಟ್ಟಿದ್ರೆ ನೋಡು, ಬಂದು ಕಿವಿ ಹಿಂಡ್ತೀನಿ."

ಅವನ ಕೆನ್ನೆ ತಟ್ಟಿ, ಬಸ್ ನಿಲ್ದಾಣದತ್ತ ಓಡಿದಳು. ಸಂಜೆಯ ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಕಚೇರಿ ಬಿಟ್ಟವರು, ಪಾಳಿ ಮುಗಿಸಿದವರು ಈಗ ಬಾವುಟ ಹಿಡಿದು ಎದುರಿನಿಂದ ರಸ್ತೆ ತುಂಬ ಬರುತ್ತಿದ್ದರು. ಜನರನ್ನು ಭುಜದಿಂದ ಸರಿಸುತ್ತ, ದಾರಿ ಬಿಡಿ, ದಾರಿ ಬಿಡಿ ಎನ್ನುತ್ತ, ಅವರು ಧಿಕ್ಕಾರ ಎಂದಾಗಲೆಲ್ಲ ತಾನೂ ಗಂಟಲೆತ್ತಿ ಧಿಕ್ಕಾರ ಎನ್ನುತ್ತ, ಬಿಯುನ್ ಅವರ ಎದುರು ದಿಕ್ಕಿಗೆ ಓಡಿದಳು.